ಹೋರಿ ಹಬ್ಬದ ಹೊಣೆ ಯಾರದು

ದೀಪಾವಳಿಯ ಪಾಡ್ಯದ ದಿನ ಹಾವೇರಿ ಜಿಲ್ಲೆಯ ಹಳ್ಳಿಗಳಲ್ಲಿ ದನಗಳದ್ದೇ ಹಬ್ಬ. ತುಂಗಭದ್ರೆಯ ದಂಡೆಯ ಐರಣಿಯಿಂದ ಹಿಡಿದು ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ದಾಟಿ ಹಾನಗಲ್ಲಿನ ಮಲೆನಾಡ ಸೆರಗಿನವರೆಗೆ ಮನೆಯ ಹೆಣ್ಣುಮಕ್ಕಳು ನಸುಕಿನಲ್ಲೇ ಎದ್ದು ಸಗಣಿಯ ಹಟ್ಟೆವ್ವನನ್ನು ಮಾಡಿ, ಚೆಂಡುಹೂವು, ಉತ್ತರಾಣಿ ಕಡ್ಡಿ ಸಿಕ್ಕಿಸಿ ಪೂಜಿಸುತ್ತಾರೆ. ಗಂಡಸರು ದನಗಳ ಮೈ ತೊಳೆದು, ಕೋಡು ಹೆರೆದು ಬಣ್ಣ ಹಚ್ಚುತ್ತಾರೆ. ಹೊತ್ತೇರಿದ ಮೇಲೆ ಊರಿಗೆ ಊರೇ ಹೋರಿ ಓಡುವ ದಾರಿಯ ಎರಡೂ ಬದಿಗೆ ಬಂದು ನಿಲ್ಲುತ್ತದೆ. ಹೋರಿ ಬೆದರಿಸುವ ಹಬ್ಬ, ಹಟ್ಟಿ ಹಬ್ಬ, ಕೊಬ್ಬರಿ ಹೋರಿ ಎಂದೆಲ್ಲ ಕರೆಸಿಕೊಳ್ಳುವ ಈ ಆಟ ಪಕ್ಕದ ಶಿಕಾರಿಪುರ, ಸೊರಬ, ಹೊನ್ನಾಳಿ, ಬನವಾಸಿ ಸೀಮೆಯಲ್ಲೂ ಅಷ್ಟೇ ಹುಮ್ಮಸ್ಸಿನಿಂದ ನಡೆಯುತ್ತದೆ. ದೀಪಾವಳಿಗೆ ಶುರುವಾದದ್ದು ಊರಿಂದ ಊರಿಗೆ ಸರದಿಯ ಮೇಲೆ ಸಾಗಿ ಸಂಕ್ರಾಂತಿಯನ್ನೂ ದಾಟಿ ಹೋಗುತ್ತದೆ.

ಸ್ಪರ್ಧೆಗೆ ಬರುವ ಹೋರಿಯನ್ನು ಹತ್ತಿರ ನಿಂತು ನೋಡಬೇಕು. ಬೆನ್ನ ಮೇಲೆ ಜರಿ, ಕನ್ನಡಿ ಚೂರು ಹೊಲಿದ ಜೂಲ. ಕೋಡಿನ ತುದಿಗೆ ಹಿತ್ತಾಳೆಯ ಕೊಡಣಸು, ಅಲ್ಲಿಂದ ಇಳಿಬಿದ್ದ ರಿಬ್ಬನ್ನು, ಬಲೂನು. ಕಾಲಿಗೆ ಗೆಜ್ಜೆ. ಕೊರಳಲ್ಲಿ ಗಟ್ಟಿ ದಾರಕ್ಕೆ ಪೋಣಿಸಿದ ಒಣಕೊಬ್ಬರಿಯ ಹಾರ. ಇದನ್ನು ನೇಗಿಲಿಗೆ, ಗಾಡಿಗೆ ಹೂಡುವುದಿಲ್ಲ. ವರ್ಷವಿಡೀ ಹುರುಳಿ, ಹತ್ತಿಕಾಳು, ಹಿಂಡಿ ತಿನ್ನಿಸಿ, ಕೆರೆಯಲ್ಲಿ ಈಜಾಡಿಸಿ, ಮೈ ತಿಕ್ಕಿ ಸಾಕಿರುತ್ತಾರೆ. ಎರಡೆಕರೆ ಮೆಕ್ಕೆಜೋಳದ ರೈತನೂ ತನ್ನ ಹೊಟ್ಟೆ ಕಟ್ಟಿ ಹೋರಿಯ ಹೊಟ್ಟೆ ತುಂಬಿಸುತ್ತಾನೆ. ಅದರ ಹೆಸರೂ ದೊಡ್ಡದು: ಸಿನಿಮಾ ನಾಯಕನದೋ, ಹುಲಿಯದೋ, ಡಾನ್‌ನದೋ. ಊರಿನ ಹೆಸರಿಗೆ ‘ಕಾ ರಾಜಾ’ ಸೇರಿಸಿದ ಹೋರಿಗಳಿಗಂತೂ ಲೆಕ್ಕವಿಲ್ಲ.

ಆಟದ ಕ್ರಮ ಸರಳ. ಒಂದೊಂದೇ ಹೋರಿಯನ್ನು ಬಿಡುತ್ತಾರೆ. ದಾರಿಯಲ್ಲಿ ನಿಂತ ಪೈಲ್ವಾನರು ಮೇಲೆ ಬಿದ್ದು ಕೊಬ್ಬರಿ ಹರಿಯಬೇಕು. ಯಾರ ಕೈಗೂ ಸಿಗದೆ, ಕೊಬ್ಬರಿ ಉಳಿಸಿಕೊಂಡು ಕೊನೆ ಮುಟ್ಟಿದ ಹೋರಿಗೆ ಬಹುಮಾನ. ಹರಿದ ಹುಡುಗನಿಗೆ ಕೊಬ್ಬರಿ ಮತ್ತು ಹೆಸರು.

ಈ ಸೀಮೆಗೂ ದನಕ್ಕೂ ನಂಟು ಬಹಳ ಹಳೆಯದು. ಹಾನಗಲ್ಲು, ಹಾವೇರಿ, ಬಳ್ಳಿಗಾವಿ ಸುತ್ತಿನ ಊರುಗಳಲ್ಲಿ ಗುಡಿಯ ಮಗ್ಗುಲಿಗೋ ಕೆರೆಯ ಏರಿಗೋ ನಿಂತ ವೀರಗಲ್ಲುಗಳಲ್ಲಿ ತುರುಗೊಳ್ ಕಾಳಗದಲ್ಲಿ ಮಡಿದವರ ಕಲ್ಲುಗಳು ಎಷ್ಟೋ ಇವೆ. ಕೆಳಗಿನ ಪಟ್ಟಿಕೆಯಲ್ಲಿ ಸಾಲಾಗಿ ನಿಂತ ಹಸುಗಳು, ಅವುಗಳ ಮುಂದೆ ಬಿಲ್ಲೋ ಕತ್ತಿಯೋ ಹಿಡಿದ ಆಳು, ಮೇಲೆ ಅವನನ್ನು ಕರೆದೊಯ್ಯುವ ಅಪ್ಸರೆಯರು. ದನ ಉಳಿಸಲು ಸತ್ತವನಿಗೆ ಊರು ಕಲ್ಲು ನಿಲ್ಲಿಸುತ್ತಿತ್ತು. ರಾಜರು ಆತನ ಮನೆಯವರಿಗೆ ಭೂಮಿ ಬಿಟ್ಟ ದಾಖಲೆಗಳೂ ಶಾಸನಗಳಲ್ಲಿ ಸಿಗುತ್ತವೆ. ಹೋರಿ ಹಬ್ಬ ಆ ಕಾಳಗಗಳಿಂದಲೇ ಇಳಿದು ಬಂತೆಂದು ಹೇಳುವುದಕ್ಕೆ ಆಧಾರ ಬೇಕು. ಆದರೆ ಸಾವು ನಡೆದಾಗ ಅದು ಯಾರ ಕೆಲಸಕ್ಕಾಗಿ, ಯಾವ ಊರಿನಲ್ಲಿ, ಯಾರ ಆಳ್ವಿಕೆಯಲ್ಲಿ ನಡೆಯಿತೆಂದು ಕಲ್ಲಿನ ಮೇಲೆ ಬರೆದಿಡುವ ರೂಢಿ ಈ ನೆಲದಲ್ಲಿತ್ತು ಎಂಬುದಕ್ಕೆ ಬೇರೆ ಆಧಾರ ಬೇಕಿಲ್ಲ.

ಹಬ್ಬ ಊರೊಳಗಿನದಾಗಿದ್ದಷ್ಟು ಕಾಲ ಹೊಣೆಯ ಪ್ರಶ್ನೆಗೆ ಉತ್ತರ ಎದುರಿಗೇ ಇತ್ತು. ಹೋರಿ ಊರಿನದು, ಹಿಡಿಯುವ ಹುಡುಗರು ಊರಿನವರು, ನಿಂತು ನೋಡುವವರು ಅವರ ಅಕ್ಕತಂಗಿಯರು, ಅಜ್ಜಂದಿರು. ಯಾರ ಹೋರಿ ಹಾಯುತ್ತದೆ, ಯಾವುದು ಸಾಧು ಎಂಬುದು ಎಲ್ಲರಿಗೂ ಗೊತ್ತು. ಬಹುಮಾನವೆಂದರೆ ಹರಿದ ಕೊಬ್ಬರಿಯೇ. ಖರ್ಚಿಗೆ ಬೇಕಾದ ಹಣವನ್ನು ಊರಲ್ಲಿ ಪಟ್ಟಿ ಎತ್ತಿ ಕೂಡಿಸುತ್ತಿದ್ದರು. ಜಾತ್ರೆಗೆ, ಗುಡಿಯ ಜೀರ್ಣೋದ್ಧಾರಕ್ಕೆ, ಮಳೆ ಹೋದಾಗಿನ ಪೂಜೆಗೆ ಉತ್ತರ ಕರ್ನಾಟಕದ ಹಳ್ಳಿಗಳು ಪಟ್ಟಿ ಎತ್ತುವುದು ಇಂದಿಗೂ ಉಂಟು. ಯಾರು ಎಷ್ಟು ಕೊಟ್ಟರು, ಎಲ್ಲಿ ಖರ್ಚಾಯಿತು ಎಂದು ಹಿರಿಯರು ಗುಡಿಯ ಕಟ್ಟೆಯ ಮೇಲೆ ಕೂತು ಓದಿ ಹೇಳುತ್ತಾರೆ. ಎರಡು ರೂಪಾಯಿ ತಾಳೆಯಾಗದಿದ್ದರೆ ಕೇಳುವ ಬಾಯಿಗಳಿಗೆ ಅಲ್ಲಿ ಬರವಿಲ್ಲ. ಯಾರಿಗಾದರೂ ಪೆಟ್ಟಾದರೆ ಹೋರಿಯ ಮಾಲೀಕ ಆ ಮನೆಯ ಮುಂದೆ ಹೋಗಿ ನಿಲ್ಲಲೇಬೇಕು; ಮರುದಿನ ಅದೇ ಬಾವಿಯ ನೀರಿಗೆ, ಅದೇ ಕಣಕ್ಕೆ ಇಬ್ಬರೂ ಹೋಗಬೇಕಿತ್ತು.

ಈ ಏರ್ಪಾಡನ್ನು ಹೊಗಳುವಾಗ ಅದರ ಕೊರತೆಯನ್ನೂ ಹೇಳಬೇಕು. ಕಟ್ಟೆಯ ಮೇಲೆ ಕೂರುವವರು ಯಾರು, ಕೆಳಗೆ ನಿಲ್ಲುವವರು ಯಾರು ಎಂಬುದನ್ನು ಜಾತಿಯೂ ಹೊಲದ ಅಳತೆಯೂ ತೀರ್ಮಾನಿಸುತ್ತಿದ್ದವು. ಕೂಲಿಯ ಮನೆಯ ಹುಡುಗನಿಗೆ ಪೆಟ್ಟಾದಾಗಲೂ ಗೌಡರ ಮನೆಯವನಿಗೆ ಪೆಟ್ಟಾದಾಗಲೂ ನ್ಯಾಯ ಒಂದೇ ತೂಕದ್ದಾಗಿತ್ತೆಂದು ಯಾರೂ ಎದೆ ಮುಟ್ಟಿ ಹೇಳಲಾರರು. ಅಷ್ಟಾದರೂ ಹೊಣೆ ಹೊತ್ತವನ ಮುಖ ಕಾಣುತ್ತಿತ್ತು, ಮನೆ ಗೊತ್ತಿತ್ತು.

ಬಹುಮಾನ ದೊಡ್ಡದಾದಾಗ ಈ ಕಟ್ಟು ಸಡಿಲಿತು. ಕೊಬ್ಬರಿಯ ಜಾಗಕ್ಕೆ ತಿಜೋರಿ, ಟಿವಿ, ಫ್ರಿಜ್ಜು ಬಂದವು. ಆಮೇಲೆ ಬಂಗಾರದ ಉಂಗುರ, ಬೈಕು. ಒಂದೊಂದು ಸ್ಪರ್ಧೆಗೆ ನೂರಾರು ಹೋರಿಗಳು ಲಾರಿ, ಟ್ರ್ಯಾಕ್ಟರ್ ಏರಿ ಬರತೊಡಗಿದವು. ಹೋರಿಯನ್ನು ಹೆಸರು ಬರೆಸಿ ಒಳಗೆ ಬಿಡಲು ಪ್ರವೇಶ ಶುಲ್ಕ. ತಮಿಳುನಾಡಿನವರೆಗೆ ಹೋಗಿ ಲಕ್ಷಗಟ್ಟಲೆ ಕೊಟ್ಟು ಹೋರಿ ತರುವವರಾದರು. ಪ್ರತಿ ನಾಮಾಂಕಿತ ಹೋರಿಗೂ ಒಂದೇ ಬಣ್ಣದ ಟೀ ಶರ್ಟ್ ತೊಟ್ಟ ಅಭಿಮಾನಿ ಬಳಗ ಹುಟ್ಟಿತು. ಮೊಬೈಲು, ಯೂಟ್ಯೂಬ್ ಬಂದ ಮೇಲೆ ಒಂದು ಓಟವನ್ನು ದುಬೈನಲ್ಲಿ ದುಡಿಯುವ ಹುಡುಗನೂ ನೋಡುತ್ತಾನೆ. ಊರ ಆಟ ಹೀಗೆ ಸೀಮೆಯ ಕ್ರೀಡೆಯಾಯಿತು. ಇದರಲ್ಲಿ ತಪ್ಪು ಕಾಣಬೇಕಿಲ್ಲ. ನಾಟಿ ಹೋರಿಯನ್ನು ಸಾಕಲು ಒಂದು ಕಾರಣವೇ ಇಲ್ಲದಂತಾಗಿ, ಹೊಲದ ಕೆಲಸವನ್ನೆಲ್ಲ ಟ್ರ್ಯಾಕ್ಟರ್ ನುಂಗಿದ ಕಾಲದಲ್ಲಿ ಹಳ್ಳಿಕಾರ್, ಅಮೃತಮಹಲ್, ಖಿಲಾರಿ ಹೋರಿಗಳು ಕೆಲವು ಕೊಟ್ಟಿಗೆಗಳಲ್ಲಾದರೂ ಉಳಿದದ್ದು ಈ ಹುಚ್ಚಿನಿಂದ.

ಆದರೆ ಆಟ ಬೆಳೆದಷ್ಟು ಅದನ್ನು ನಡೆಸುವ ಸಂಸ್ಥೆ ಬೆಳೆಯಲಿಲ್ಲ. ಹಬ್ಬಕ್ಕೆ ತಿಂಗಳಿರುವಾಗ ಊರಿನ ಹತ್ತಿಪ್ಪತ್ತು ಹುಡುಗರು ಸೇರಿ ಒಂದು ಸಮಿತಿ ಮಾಡುತ್ತಾರೆ. ಗೆಳೆಯರ ಬಳಗವೆಂದೋ, ಯಾವುದಾದರೂ ದೇವರ ಸೇವಾ ಸಮಿತಿಯೆಂದೋ ಹೆಸರಿಡುತ್ತಾರೆ. ಬ್ಯಾನರಿನ ಮೇಲೆ ಶಾಸಕರಿಂದ ಹಿಡಿದು ಗ್ರಾಮ ಪಂಚಾಯಿತಿ ಸದಸ್ಯರವರೆಗೆ ಮೂವತ್ತು ನಲವತ್ತು ಮುಖಗಳು. ಬಹುಮಾನದ ಬೈಕು ಒಬ್ಬ ದಾನಿಯದು, ಮೈಕು ಇನ್ನೊಬ್ಬರದು, ಊಟ ಮತ್ತೊಬ್ಬರದು. ಹಬ್ಬ ಮುಗಿದ ವಾರಕ್ಕೆ ಸಮಿತಿಯೂ ಕರಗುತ್ತದೆ. ನೋಂದಣಿ ಇಲ್ಲ, ಬ್ಯಾಂಕ್ ಖಾತೆ ಇಲ್ಲ, ನಡಾವಳಿ ಪುಸ್ತಕ ಇಲ್ಲ. ಎಲ್ಲ ಊರಿನಲ್ಲೂ ಹೀಗೇ ಎಂದಲ್ಲ. ಚಂದವಾಗಿ ಲೆಕ್ಕ ಇಟ್ಟು, ಉಳಿದ ಹಣದಲ್ಲಿ ಶಾಲೆಗೆ ಬೆಂಚು ಮಾಡಿಸಿಕೊಡುವ ಊರೂ ಇದ್ದಾವು. ಆದರೆ ಹಾಗೆ ಮಾಡಲೇಬೇಕೆಂದು ಕೇಳುವವರು ಯಾರೂ ಇಲ್ಲ.

ತೀರ್ಪಿನ ವಿಷಯಕ್ಕೂ ಇದೇ ಗತಿ. ಹೋರಿ ಗೆದ್ದಿತೋ ಇಲ್ಲವೋ ಎಂಬುದನ್ನು ಹೇಳುವವರು ದಾರಿಯ ಬದಿಯ ಎತ್ತರದಲ್ಲಿ ಕೂತ ನಾಲ್ಕಾರು ಮಂದಿ. ಓಟದ ಬಿರುಸು, ಗತ್ತು, ಹಿಡಿತ ತಪ್ಪಿಸಿಕೊಂಡ ಬಗೆ ಎಲ್ಲವನ್ನೂ ಕಣ್ಣಳತೆಯಲ್ಲೇ ತೂಗುತ್ತಾರೆ. ಕೊಬ್ಬರಿ ಹರಿದದ್ದು ಗೆರೆಯ ಒಳಗೋ ಹೊರಗೋ ಎಂಬುದೊಂದೇ ವಿಷಯಕ್ಕೆ ಜಗಳವಾಗುವುದುಂಟು. ಬಹುಮಾನ ಕೊಬ್ಬರಿಯಾಗಿದ್ದಾಗ ಈ ಜಗಳ ಸಂಜೆಗೆ ನಗೆಯಾಗುತ್ತಿತ್ತು. ಬೈಕು ಪಣಕ್ಕಿದ್ದಾಗ, ಎರಡು ಬಳಗಗಳ ಇನ್ನೂರು ಹುಡುಗರು ಎದುರುಬದುರು ನಿಂತಾಗ ಅದು ನಗೆಯಾಗುವುದಿಲ್ಲ.

ಲೆಕ್ಕವಿಲ್ಲದ ಈ ಆಟದ ಬೆಲೆಯನ್ನು 2025ರ ದೀಪಾವಳಿ ತೋರಿಸಿತು. ಅಕ್ಟೋಬರ್ 22ರಂದು ಹಾವೇರಿ ಜಿಲ್ಲೆಯ ಬೇರೆ ಬೇರೆ ಕಡೆ ಹೋರಿ ಹಾಯ್ದು ಒಂದೇ ದಿನ ಮೂವರು ಸತ್ತರು. ಅವರಲ್ಲಿ ಇಬ್ಬರು ಎಪ್ಪತ್ತರ ಆಸುಪಾಸಿನ ಹಿರಿಯರು. ಅವರು ಕೊಬ್ಬರಿ ಹರಿಯಲು ಹೋದವರಲ್ಲ. ಓಡಿದ ಹೋರಿ ಅವರಿದ್ದಲ್ಲಿಗೇ ಬಂದಿತ್ತು. ಅದಕ್ಕೂ ಮೊದಲು, 2023ರ ಜನವರಿಯಲ್ಲಿ, ಶಿವಮೊಗ್ಗ ಜಿಲ್ಲೆಯ ಎರಡು ಊರುಗಳಲ್ಲಿ ಇಬ್ಬರು ಪ್ರಾಣ ಕಳೆದುಕೊಂಡಿದ್ದರು. ಆ ಸ್ಪರ್ಧೆಗಳಿಗೆ ಅನುಮತಿಯೇ ಇರಲಿಲ್ಲವೆಂಬುದು ಆಗ ಪೊಲೀಸರಿಂದ ಬಂದ ಮಾತು.

ಅನುಮತಿ ಇರಲಿಲ್ಲ ಎಂಬ ಮಾತಿನ ಹಿಂದೆ ಅರವತ್ತು ವರ್ಷಗಳ ಕಾನೂನಿನ ಕತೆ ಇದೆ. ಪ್ರಾಣಿ ಹಿಂಸೆ ತಡೆ ಕಾಯ್ದೆ ಬಂದದ್ದು 1960ರಲ್ಲಿ. ಅದರ 22ನೇ ಸೆಕ್ಷನ್ ಪ್ರಕಾರ ಪ್ರದರ್ಶನಕ್ಕೆ ಬಳಸಬಾರದ ಪ್ರಾಣಿಗಳ ಪಟ್ಟಿಯನ್ನು ಕೇಂದ್ರ ಸರ್ಕಾರ ಹೊರಡಿಸಬಹುದು. ಕರಡಿ, ಕೋತಿ, ಹುಲಿಗಳಿದ್ದ ಆ ಪಟ್ಟಿಗೆ 2011ರ ಜುಲೈನಲ್ಲಿ ಹೋರಿಯೂ ಸೇರಿತು. 2014ರ ಮೇ 7ರಂದು ಎ. ನಾಗರಾಜ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ಮತ್ತು ನ್ಯಾಯಮೂರ್ತಿ ಪಿನಾಕಿ ಚಂದ್ರ ಘೋಷ್ ಅವರ ಪೀಠ ಜಲ್ಲಿಕಟ್ಟು, ಎತ್ತಿನ ಗಾಡಿ ಓಟ ಎರಡನ್ನೂ ನಿಷೇಧಿಸಿತು. ಮುಂದಿನ ವರ್ಷಗಳಲ್ಲಿ ಹಾವೇರಿಯ ಹೋರಿ ಹಬ್ಬ ಕಾನೂನಿಗೂ ರೂಢಿಗೂ ನಡುವೆ ಸಿಕ್ಕಿಕೊಂಡಿತು. ಅಧಿಕಾರಿಗಳು ಕಾಗದದ ಮೇಲೆ ಅನುಮತಿ ಕೊಡುವಂತಿಲ್ಲ. ಊರುಗಳು ಹಬ್ಬ ಬಿಡುವಂತಿಲ್ಲ. ಹೋರಿಗಳು ಓಡಿದವು, ಬೇಲಿಗಳನ್ನು ಯಾರೂ ಕಟ್ಟಲಿಲ್ಲ. ನಡೆಯದೆಂದು ಬರೆದ ಸ್ಪರ್ಧೆಗೆ ಆಂಬುಲೆನ್ಸ್ ಕಳಿಸುವವರಾರು, ಪಶುವೈದ್ಯರನ್ನು ನೇಮಿಸುವವರಾರು? ನಿಷೇಧ ಮಾಡಿದ ಅತಿ ದೊಡ್ಡ ಹಾನಿ ಇದೇ ಇರಬೇಕು. ಆಟ ನಿಲ್ಲಲಿಲ್ಲ, ಆದರೆ ನಡೆಸುವವರೆಲ್ಲ ಹೆಸರು ಮರೆಸಿಕೊಳ್ಳುವುದನ್ನು ಕಲಿತರು.

2016ರ ಜನವರಿಯಲ್ಲಿ ಕೇಂದ್ರ ಹೊರಡಿಸಿದ ವಿನಾಯಿತಿಯನ್ನು ಕೋರ್ಟು ವಾರದೊಳಗೇ ತಡೆಯಿತು. ಅದೇ ವರ್ಷದ ನವೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ಕಂಬಳಕ್ಕೂ ತಡೆ ಕೊಟ್ಟಿತು. ಚೆನ್ನೈನ ಮರೀನಾ ತೀರದಲ್ಲಿ ಜಲ್ಲಿಕಟ್ಟಿಗಾಗಿ ಜನ ಸೇರಿದ 2017ರ ಜನವರಿಯ ಬಿಸಿ ಕರಾವಳಿಗೂ ಹಾವೇರಿಗೂ ತಟ್ಟಿತು. ಫೆಬ್ರವರಿ 13ರಂದು ನಮ್ಮ ವಿಧಾನಸಭೆ ತಿದ್ದುಪಡಿ ಮಸೂದೆಯನ್ನು ಒಪ್ಪಿತು. ರಾಷ್ಟ್ರಪತಿಗಳ ಅಂಕಿತ, ನಡುವೆ ಸುಗ್ರೀವಾಜ್ಞೆ, ಮತ್ತೊಂದು ಮಸೂದೆ ಎಂದು ಸುತ್ತಾಡಿ ಅದು ಕಾಯ್ದೆಯಾಗುವಾಗ 2018 ಬಂದಿತ್ತು. ಕಂಬಳದ ಜೊತೆಗೆ, ಯಾವ ಹೆಸರಿನಿಂದಲೇ ಕರೆಯಲಿ, ಹೋರಿಗಳ ಓಟ ಮತ್ತು ಎತ್ತಿನ ಗಾಡಿ ಓಟಕ್ಕೂ ಅದರಲ್ಲಿ ಜಾಗವಿದೆ. ಪ್ರಾಣಿಗೆ ಅನಗತ್ಯ ನೋವು ಕೊಡಬಾರದೆಂಬುದು ಷರತ್ತು. 2023ರ ಮೇ 18ರಂದು ನ್ಯಾಯಮೂರ್ತಿ ಕೆ.ಎಂ. ಜೋಸೆಫ್ ನೇತೃತ್ವದ ಐವರ ಸಂವಿಧಾನ ಪೀಠ ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕ ಮೂರರ ತಿದ್ದುಪಡಿಗಳನ್ನೂ ಎತ್ತಿ ಹಿಡಿಯಿತು.

ಊರುಗಳಲ್ಲಿ ಪಟಾಕಿ ಸಿಡಿದವು. ಆ ತೀರ್ಪಿನ ಇನ್ನೊಂದು ಮಾತು ಮಾತ್ರ ಯಾರ ಕಿವಿಗೂ ಸರಿಯಾಗಿ ಬೀಳಲಿಲ್ಲ. ಕಾನೂನು, ಅದರ ನಿಯಮಗಳು ಕಟ್ಟುನಿಟ್ಟಾಗಿ ಜಾರಿಯಾಗುವಂತೆ ನೋಡಿಕೊಳ್ಳುವ ಹೊಣೆ ಜಿಲ್ಲಾ ದಂಡಾಧಿಕಾರಿಗಳದು ಮತ್ತು ಸಂಬಂಧಪಟ್ಟ ಅಧಿಕಾರಿಗಳದು ಎಂದು ಪೀಠ ಸ್ಪಷ್ಟವಾಗಿ ಹೇಳಿತ್ತು. ಹಾವೇರಿಯ ಮಟ್ಟಿಗೆ ಅದರ ಅರ್ಥ, ಹತ್ತಾರು ಹಳ್ಳಿಗಳಲ್ಲಿ ಒಂದೇ ವಾರ ನಡೆಯುವ ಸ್ಪರ್ಧೆಗಳಿಗೆಲ್ಲ ಜಿಲ್ಲಾಧಿಕಾರಿ ಹೊಣೆ. ಜಿಲ್ಲಾಧಿಕಾರಿ ಎಷ್ಟೇ ದಕ್ಷರಾಗಿದ್ದರೂ ಎದುರಿಗೆ ಸಹಿ ಹಾಕುವ ಒಂದು ಗಟ್ಟಿ ಸಂಸ್ಥೆ ಇಲ್ಲದಿದ್ದರೆ ಈ ಹೊಣೆಯನ್ನು ನಿಭಾಯಿಸುವುದು ಹೇಗೆ? ಉಳಿಯುವುದು ಎರಡೇ ದಾರಿ: ಎಲ್ಲಕ್ಕೂ ಬೇಡವೆನ್ನುವುದು, ಇಲ್ಲವೇ ನೋಡಿಯೂ ನೋಡದಂತಿರುವುದು. ಹತ್ತು ವರ್ಷಗಳಲ್ಲಿ ಎರಡನ್ನೂ ಜಿಲ್ಲೆ ಕಂಡಿದೆ.

ತಮಿಳುನಾಡು 2017ರಲ್ಲೇ ಜಲ್ಲಿಕಟ್ಟಿಗೆ ಪ್ರತ್ಯೇಕ ನಿಯಮಾವಳಿ ಮಾಡಿತು. ಕಲೆಕ್ಟರರಿಗೆ ಲಿಖಿತ ಅರ್ಜಿ ಹೋಗಬೇಕು; ಕಂದಾಯ, ಪಶುಸಂಗೋಪನೆ, ಪೊಲೀಸ್, ಆರೋಗ್ಯ ಇಲಾಖೆಗಳು ಕೂಡಿ ನೋಡಬೇಕು; ಹೋರಿಗೆ ಪಶುವೈದ್ಯರ ತಪಾಸಣೆ, ಹಿಡಿಯುವವರಿಗೆ ನೋಂದಣಿ, ಪ್ರೇಕ್ಷಕರ ಮುಂದೆ ಜೋಡಿ ಬೇಲಿ. ಇಷ್ಟಾದರೂ ಅಲ್ಲಿ ಸಾವುಗಳು ನಿಂತಿಲ್ಲ, ನಿಜ. ಆದರೆ ಸಾವಾದಾಗ ಯಾವ ಕಾಗದ ತೆಗೆದು ನೋಡಬೇಕು, ಯಾರನ್ನು ಕರೆಸಿ ಕೇಳಬೇಕು ಎಂಬುದು ಗೊತ್ತಿರುತ್ತದೆ.

ಅಷ್ಟು ದೂರ ಯಾಕೆ, ನಮ್ಮ ಕರಾವಳಿಯ ಕಂಬಳವನ್ನೇ ನೋಡಬಹುದು. ಗುತ್ತು, ಬರ್ಕೆ ಮನೆಗಳ ಗದ್ದೆಯಲ್ಲಿ ನಡೆಯುತ್ತಿದ್ದ ಕಂಬಳವೂ ಒಂದು ಕಾಲಕ್ಕೆ ಮನೆತನದ ಮಾತಿನ ಮೇಲೆ ನಿಂತಿತ್ತು. ಇಂದು ಋತುವಿನ ಕಂಬಳಗಳ ದಿನಪಟ್ಟಿಯನ್ನು ಜಿಲ್ಲಾ ಕಂಬಳ ಸಮಿತಿ ಮೊದಲೇ ಗೊತ್ತು ಮಾಡುತ್ತದೆ. ಕನೆಹಲಗೆ, ಅಡ್ಡಹಲಗೆ, ನೇಗಿಲು ಹಿರಿಯ, ನೇಗಿಲು ಕಿರಿಯ, ಹಗ್ಗ ಹಿರಿಯ, ಹಗ್ಗ ಕಿರಿಯ ಎಂದು ಆರು ವಿಭಾಗ. ಕೊನೆಯ ಗೆರೆಯಲ್ಲಿ ಲೇಸರ್ ಕಿರಣ, ಓಟದ ಹೊತ್ತನ್ನು ಸೆಕೆಂಡಿನ ನೂರನೇ ಭಾಗದವರೆಗೆ ತೋರಿಸುವ ಫಲಕ. 2020ರ ಫೆಬ್ರವರಿ 1ರಂದು ಐಕಳದಲ್ಲಿ ಶ್ರೀನಿವಾಸ ಗೌಡ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರೆಂಬ ಸುದ್ದಿ ಜಗತ್ತಿನ ಪತ್ರಿಕೆಗಳಲ್ಲಿ ಬಂತು. ಮುಂದೆ ಕಂಬಳದ ಇಂಥ ದಾಖಲೆಗಳ ಅಳತೆಯನ್ನೇ ಪ್ರಶ್ನಿಸಿ ದೂರು ಪೊಲೀಸ್ ಠಾಣೆಯನ್ನೂ ತಲುಪಿತು. ದೂರು ಸರಿಯೋ ತಪ್ಪೋ ಎಂಬುದು ಬೇರೆ ಮಾತು. ಬರೆದಿಟ್ಟ ಅಂಕಿ ಇದ್ದದ್ದರಿಂದ ಪ್ರಶ್ನೆ ಕೇಳಲು ಸಾಧ್ಯವಾಯಿತು. ಹಾನಗಲ್ಲಿನಲ್ಲೋ ಬ್ಯಾಡಗಿಯಲ್ಲೋ ಗೆದ್ದ ಹೋರಿಯ ಬಗ್ಗೆ ಮರುವರ್ಷ ಯಾರಾದರೂ ಪ್ರಶ್ನೆ ಎತ್ತಿದರೆ ತೆರೆದು ತೋರಿಸಲು ಏನಿದೆ?

ಸಂಘ ನೋಂದಣಿಯಾದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆಂದು ನಂಬುವವರು ಕಬಡ್ಡಿಯ ಕಡೆ ನೋಡಬೇಕು. ಹಾವೇರಿ ಸೀಮೆಯ ಹಳ್ಳಿಗಳಲ್ಲಿ ಹೋರಿ ಬಿಟ್ಟರೆ ರಾತ್ರಿ ಜನ ಸೇರುವುದು ಕಬಡ್ಡಿಗೇ. ಮಮತಾ ಪೂಜಾರಿ, ತೇಜಸ್ವಿನಿ ಬಾಯಿಯಂಥ ಅರ್ಜುನ ಪ್ರಶಸ್ತಿ ಪಡೆದ ಆಟಗಾರ್ತಿಯರನ್ನು ಕೊಟ್ಟ ರಾಜ್ಯ ನಮ್ಮದು. ಈ ಆಟವನ್ನು ದೇಶದಲ್ಲಿ ನಡೆಸುವ ಅಮೆಚೂರ್ ಕಬಡ್ಡಿ ಫೆಡರೇಷನ್ನಿಗೆ ನೋಂದಣಿ, ಬೈಲಾ, ಚುನಾವಣೆ ಎಲ್ಲವೂ ಇತ್ತು. ಆದರೂ ಜನಾರ್ದನ ಸಿಂಗ್ ಗೆಹ್ಲೋತ್ 1984ರಿಂದ ಸುಮಾರು ಮೂರು ದಶಕ ಅಧ್ಯಕ್ಷರಾಗಿದ್ದರು. ವಯಸ್ಸು, ಅವಧಿಯ ಮಿತಿ ಹೇಳುವ ಕ್ರೀಡಾ ಸಂಹಿತೆ ಅಡ್ಡ ಬಂದಾಗ ಅವರು ಆಜೀವ ಅಧ್ಯಕ್ಷರಾದರು, ಪತ್ನಿ ಅಧ್ಯಕ್ಷೆಯಾದರು. ಮಾಜಿ ಆಟಗಾರರು ಕೋರ್ಟಿಗೆ ಹೋದರು. 2018ರ ಆಗಸ್ಟಿನಲ್ಲಿ ದೆಹಲಿ ಹೈಕೋರ್ಟು ಆ ಆಯ್ಕೆಗಳನ್ನು ರದ್ದು ಮಾಡಿ ಆಡಳಿತಾಧಿಕಾರಿಯನ್ನು ಕೂರಿಸಿತು. ಅದೇ ತಿಂಗಳು ಜಕಾರ್ತದ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ಪುರುಷರು ಸೆಮಿಫೈನಲ್ಲಿನಲ್ಲಿ, ಮಹಿಳೆಯರು ಫೈನಲ್ಲಿನಲ್ಲಿ ಇರಾನಿಗೆ ಸೋತರು. ಆರು ವರ್ಷಕ್ಕೂ ಮೇಲ್ಪಟ್ಟು ಸಂಸ್ಥೆ ಆಡಳಿತಾಧಿಕಾರಿಯ ಕೈಯಲ್ಲೇ ಇತ್ತು. ಆಯ್ಕೆಯಾದ ಸಮಿತಿಗೆ ಅಧಿಕಾರ ಒಪ್ಪಿಸುವಂತೆ ಸುಪ್ರೀಂ ಕೋರ್ಟು ಹೇಳಿದ್ದು 2025ರ ಫೆಬ್ರವರಿಯಲ್ಲಿ.

ಕಬಡ್ಡಿಯ ಕತೆಯಲ್ಲಿ ಒಂದು ಸಂಗತಿ ಗಮನಿಸಬೇಕು. ಆಟಗಾರರು ಕೋರ್ಟಿಗೆ ಹೋಗಲು ಸಾಧ್ಯವಾದದ್ದು ಪ್ರಶ್ನಿಸಲು ಒಂದು ಬೈಲಾ, ಒಂದು ಚುನಾವಣೆ, ಒಂದು ಪದಾಧಿಕಾರಿಗಳ ಪಟ್ಟಿ ಇದ್ದದ್ದರಿಂದ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 2025ರ ಜೂನ್ 4ರಂದು ಕಾಲ್ತುಳಿತದಲ್ಲಿ 11 ಮಂದಿ ಸತ್ತಾಗಲೂ ಹೀಗೆಯೇ ಆಯಿತು. ರಾಜ್ಯ ಕ್ರಿಕೆಟ್ ಸಂಸ್ಥೆಯ ಕಾರ್ಯದರ್ಶಿ, ಖಜಾಂಚಿ ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ನ್ಯಾಯಮೂರ್ತಿ ಜಾನ್ ಮೈಕಲ್ ಡಿಕುನ್ಹಾ ಅವರ ವಿಚಾರಣಾ ಆಯೋಗ ಕೂತಿತು. ಅಷ್ಟೇ ಸಾಕೆಂದು ಸತ್ತವರ ಮನೆಯವರು ಒಪ್ಪಬೇಕಿಲ್ಲ. ಆದರೆ ರಾಜೀನಾಮೆ ಕೊಡಲು ಅಲ್ಲಿ ಹುದ್ದೆಗಳಾದರೂ ಇದ್ದವು. ಅದೇ ವರ್ಷ ನಾಲ್ಕೂವರೆ ತಿಂಗಳ ನಂತರ ಹಾವೇರಿಯಲ್ಲಿ ಮೂವರು ಸತ್ತಾಗ ಬಿಟ್ಟುಕೊಡಲು ಯಾರ ಬಳಿಯೂ ಯಾವ ಹುದ್ದೆಯೂ ಇರಲಿಲ್ಲ.

ಹೊಸ ಕಾನೂನುಗಳೂ ಈ ಆಟದವರೆಗೆ ಬರಲಾರವು. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಕ್ರೀಡಾ ಮಂಡಳಿ, ನ್ಯಾಯಮಂಡಳಿಗಳನ್ನು ತಂದಿತು. ಅದರ ಕಣ್ಣಿರುವುದು ರಾಷ್ಟ್ರೀಯ ಫೆಡರೇಷನ್ನುಗಳ ಮೇಲೆ. ಐರಣಿಯ ಹೋರಿ ಓಟ ಅದರ ಲೆಕ್ಕಕ್ಕೆ ಕ್ರೀಡೆಯೇ ಅಲ್ಲ.

ಹಾಗಾದರೆ ಈ ಸೀಮೆಗೆ ಲೆಕ್ಕ ಇಡುವುದೇ ಬಾರದೇ? ಚರಿತ್ರೆ ಬೇರೆಯದನ್ನೇ ಹೇಳುತ್ತದೆ. 1997ರ ಆಗಸ್ಟ್ 24ರಂದು ಹಾವೇರಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಇದೆಲ್ಲ ಧಾರವಾಡ ಜಿಲ್ಲೆ. ಆ ಹಳೆಯ ಜಿಲ್ಲೆಯ ಇನ್ನೊಂದು ಮೂಲೆಯಲ್ಲಿ, ಗದಗದ ಹತ್ತಿರದ ಕಣಗಿನಹಾಳದಲ್ಲಿ, 1905ರ ಮೇ 8ರಂದು ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳ್ತನದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ನೋಂದಣಿಯಾಯಿತು. ಕರ್ನಾಟಕದ ಸಹಕಾರ ಚಳವಳಿಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಆ ಊರಿನಿಂದ ಶುರುಮಾಡುತ್ತಾರೆ. ಸದಸ್ಯರ ಪಟ್ಟಿ, ಷೇರು, ಠರಾವು, ವಾರ್ಷಿಕ ಮಹಾಸಭೆ, ಲೆಕ್ಕ ತಪಾಸಣೆ ಎಂಬ ಮಾತುಗಳು ನಮ್ಮ ಹಳ್ಳಿಗಳಿಗೆ ಆಗಲೇ ಪರಿಚಯವಾದವು. ಇಂದು ರಾಣೆಬೆನ್ನೂರಿನ ಯಾವ ಹಳ್ಳಿಗೆ ಹೋದರೂ ಮುಂಜಾನೆ ಡೇರಿಯ ಮುಂದೆ ಕ್ಯಾನು ಹಿಡಿದ ಸಾಲು ಕಾಣುತ್ತದೆ. ಎಷ್ಟು ಲೀಟರ್, ಫ್ಯಾಟ್ ಎಷ್ಟು, ದರ ಎಷ್ಟು ಎಂದು ಅಚ್ಚಾದ ಚೀಟಿ ಕೈಗೆ ಬರುತ್ತದೆ. ಆ ಚೀಟಿಯಲ್ಲಿ ಅರ್ಧ ಲೀಟರ್ ಹೆಚ್ಚುಕಡಿಮೆಯಾದರೆ ಕಾರ್ಯದರ್ಶಿಯನ್ನು ನಿಲ್ಲಿಸಿ ಕೇಳುವ ಮನುಷ್ಯನೇ ಹೋರಿ ಹಬ್ಬಕ್ಕೆ ಸಾವಿರಾರು ರೂಪಾಯಿ ಪಟ್ಟಿ ಕೊಟ್ಟು ಪಾವತಿ ಕೇಳದೆ ಹೋಗುತ್ತಾನೆ. ಅವನಿಗೆ ಲೆಕ್ಕ ಗೊತ್ತಿಲ್ಲವೆಂದಲ್ಲ. ಹಬ್ಬಕ್ಕೆ ಲೆಕ್ಕ ಕೇಳುವುದು ಅಪಚಾರವೆಂಬ ಸಂಕೋಚ. ಗುಡಿಯ ಕಟ್ಟೆಯ ಮೇಲೆ ದೇವರ ಜಾತ್ರೆಯದೇ ಲೆಕ್ಕ ಓದುತ್ತಿದ್ದ ಹಿರಿಯರಿಗೆ ಈ ಸಂಕೋಚ ಇರಲಿಲ್ಲ.

ಬೇಕಾದ ಸಾಮಗ್ರಿಯೆಲ್ಲ ಕೈಯಳತೆಯಲ್ಲೇ ಇದೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಿಂದಲೇ ಇದೆ. ಏಳು ಮಂದಿ ಸೇರಿದರೆ ಸಂಘ ಕಟ್ಟಬಹುದು. ಕಟ್ಟಿದ ಮೇಲೆ ವರ್ಷಕ್ಕೊಮ್ಮೆ ಮಹಾಸಭೆ ಕರೆದು ಲೆಕ್ಕಪತ್ರ ಸಲ್ಲಿಸಬೇಕು. ಅವ್ಯವಹಾರದ ದೂರು ಬಂದರೆ 25ನೇ ಸೆಕ್ಷನ್ ಪ್ರಕಾರ ನೋಂದಣಾಧಿಕಾರಿ ವಿಚಾರಣೆ ನಡೆಸಬಹುದು. ಊರೂರಿಗೆ ಒಂದು ಸಂಘ ಬೇಕೆಂದೇನಿಲ್ಲ. ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ, ಹಾನಗಲ್ಲಿಗೆ ತಾಲ್ಲೂಕಿಗೊಂದರಂತೆ ಇದ್ದರೆ ಸಾಕು. ಊರ ಸಮಿತಿಗಳು ಅದರ ಅಡಿಯಲ್ಲಿ ದಿನ ಪಡೆಯಲಿ, ಅರ್ಜಿಗೆ ಸಹಿ ಹಾಕಿದವರ ಹೆಸರು ಪಂಚಾಯಿತಿಯ ಗೋಡೆಯ ಮೇಲೆ ಅಂಟಲಿ. ಒಂದೇ ದಿನ ಹತ್ತೂರಿನಲ್ಲಿ ಹೋರಿ ಬಿಡುವುದು ತಪ್ಪಿದರೆ ಇರುವಷ್ಟೇ ಪೊಲೀಸರು, ಇರುವಷ್ಟೇ ಆಂಬುಲೆನ್ಸುಗಳು ಸಾಲುತ್ತವೆ.

ಹೋರಿಯ ಗುರುತಿಗೂ ಹೊಸದೇನನ್ನೂ ಹುಡುಕಬೇಕಿಲ್ಲ. ಜಾನುವಾರುಗಳ ಕಿವಿಗೆ ಪಶು ಇಲಾಖೆಯವರು ಲಸಿಕೆ ಹಾಕುವಾಗ ಹಚ್ಚುವ ಹಳದಿ ಬಿಲ್ಲೆಯಲ್ಲಿ 12 ಅಂಕಿಯ ಸಂಖ್ಯೆ ಇರುತ್ತದೆ. ಆ ಸಂಖ್ಯೆಗೆ ಮಾಲೀಕನ ಹೆಸರು, ಊರು ಜೋಡಿಯಾಗಿರುತ್ತದೆ. ಸ್ಪರ್ಧೆಗೆ ಹೆಸರು ಬರೆಸುವಾಗ ‘ಕಾ ರಾಜಾ’ ಜೊತೆಗೆ ಈ ಸಂಖ್ಯೆಯನ್ನೂ ಬರೆದುಕೊಂಡರೆ, ಬೇಲಿ ಮುರಿದು ಓಡಿದ ಹೋರಿ ಯಾರದೆಂದು ಹುಡುಕುತ್ತ ಕೂರುವ ಪ್ರಮೇಯವಿಲ್ಲ. ಹಣ ಕೊಡುವ ದಾನಿಗಳಲ್ಲಿ ಯಾರಾದರೂ ಒಬ್ಬರು ಬೈಕಿನ ಬದಲು ಅಷ್ಟೂ ಹಣವನ್ನು ವಿಮೆಯ ಕಂತಿಗೆ, ಓಟ ಮುಗಿಯುವ ಕಡೆ ಹೋರಿಯನ್ನು ತಡೆದು ಹಿಡಿಯುವ ಗಟ್ಟಿ ದೊಡ್ಡಿಗೆ ಕೊಡಲಿ. ಸಾವುಗಳು ಎಲ್ಲಿ ಆದವೆಂದು ನೋಡಿದರೆ ಈ ದೊಡ್ಡಿಯ ಬೆಲೆ ತಿಳಿಯುತ್ತದೆ. ದಾರಿಯಲ್ಲಿ ನಿಂತ ಪೈಲ್ವಾನ ಅಪಾಯ ಅರಿತೇ ನಿಂತಿರುತ್ತಾನೆ. ಸ್ಪರ್ಧೆ ಮುಗಿದರೂ ನಿಲ್ಲದೆ ಓಡುವ ಹೋರಿಯ ಎದುರು ಸಿಗುವ ಮುದುಕನಿಗೆ ಅದರ ಸುಳಿವೂ ಇರುವುದಿಲ್ಲ.

ಇಷ್ಟನ್ನು ಹೇಳಿದರೆ ಸಮಿತಿಯ ಹುಡುಗರಿಂದ ಬರುವ ಮೊದಲ ಮಾತು ಗೊತ್ತೇ ಇದೆ: ಕಾಗದಕ್ಕೆ ಸಹಿ ಹಾಕಿದರೆ ನಾಳೆ ಕೇಸು ನಮ್ಮ ಮೇಲೆ. ಆ ಅಂಜಿಕೆ ಸುಳ್ಳಲ್ಲ. ಸಾವಾದ ಕೂಡಲೇ ಸಿಕ್ಕ ಹುಡುಗರ ಮೇಲೆಲ್ಲ ಪ್ರಕರಣ ಹಾಕಿ, ಬ್ಯಾನರಿನಲ್ಲಿ ನಗುತ್ತಿದ್ದ ದೊಡ್ಡವರನ್ನು ಕೇಳದೆ ಬಿಟ್ಟರೆ ಮುಂದಿನ ವರ್ಷ ಯಾರೂ ಹೆಸರು ಕೊಡುವುದಿಲ್ಲ. ಆದ್ದರಿಂದ ಹೊಣೆಯನ್ನು ಹಂಚಿ ಬರೆಯಬೇಕು. ಬೇಲಿ ಸಂಘದ್ದು, ಹೋರಿ ಮಾಲೀಕನದು, ತಪಾಸಣೆ ಪಶುವೈದ್ಯರದು, ಜನರನ್ನು ತಡೆಯುವುದು ಪೊಲೀಸರದು, ಹಣ ಕೊಟ್ಟು ಫೋಟೋ ಹಾಕಿಸಿಕೊಂಡವರದೂ ಒಂದು ಪಾಲು. ಕೆಲಸ ಮಾಡಿದವನಿಗೆ ಆ ಕಾಗದವೇ ರಕ್ಷಣೆ. ಮಾಡದವನು ಯಾರೆಂದು ತೋರಿಸುವುದೂ ಅದೇ. ಮುಂಗಾರಿನ ಬಿತ್ತನೆ ಮುಗಿದು ಕೈ ಬಿಡುವಾಗುವ ಆಗಸ್ಟಿನ ಹೊತ್ತಿಗೆ ತಾಲ್ಲೂಕು ಪಂಚಾಯಿತಿಗಳಲ್ಲಿ ಇವರನ್ನೆಲ್ಲ ಒಂದು ಕಡೆ ಕೂರಿಸಿದರೆ ದೀಪಾವಳಿಗೆ ಇನ್ನೂ ಎರಡು ತಿಂಗಳು ಉಳಿದಿರುತ್ತವೆ.